ಬೆಲ್ಲದ ಜಡೆ

ಮರೋಳದ ಗೀತಾಂಜಲಿಗೆ ಬೆಳಗಾಯಿತೆಂದರೆ ಯುದ್ಧ. ಎದುರಾಳಿಗೆ ಆಗಷ್ಟೇ ಎರಡು ವರ್ಷ ತುಂಬಿತ್ತು. ಹೆಸರು ಪ್ರಿಯದರ್ಶಿನಿ, ಕರೆಯುವುದು ಪ್ರಿಯಾ. ರೊಟ್ಟಿ ಮುರಿದು ಕೊಟ್ಟರೆ ಅನ್ನ ಬೇಕು, ಅನ್ನ ಕಲಸಿದರೆ ರೊಟ್ಟಿ ಬೇಕು, ಅದೂ ಮುರಿಯದ ರೊಟ್ಟಿ. ಚಡ್ಡಿ ಹಾಕಿದರೆ ಕಿತ್ತು ಒಗೆಯುವಳು, ಒಗೆದ ಮೇಲೆ ಅದೇ ಚಡ್ಡಿಗಾಗಿ ನೆಲಕ್ಕೆ ಬಿದ್ದು ಹೊರಳುವಳು. ಬಾಚಣಿಗೆ ಕಂಡರಂತೂ ಓಣಿಗೆಲ್ಲ ಕೇಳುವಂತೆ ಕಿರುಚಾಟ. ಗೀತಾಂಜಲಿ ಬೇವೂರಿನಿಂದ ಈ ಮನೆಗೆ ಬಂದವಳು. ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಊರ ಹೆಂಗಸರ ಜಂಪರು ಹೊಲಿಯುತ್ತಾಳೆ. ಮಗಳು ಪೆಡಲಿನ ಮೇಲೆ ಕೂತು ತೂಗಿಕೊಳ್ಳುವುದರಿಂದ ಒಂದು ತೋಳು ಜೋಡಿಸುವ ಹೊತ್ತಿಗೆ ಅರ್ಧ ದಿನ ಹೋಗುತ್ತದೆ.

ಮಗುವಿನ ಹಟವನ್ನಾದರೂ ತಡೆದುಕೊಳ್ಳಬಹುದಿತ್ತು. ಅತ್ತೆ ಮರೆವ್ವನನ್ನು ತಡೆದುಕೊಳ್ಳುವುದು ಆಗದ ಮಾತು. ಆ ಮನೆಯಲ್ಲಿ ಕೂಸು ಅತ್ತರೆ ಸೊಸೆಯ ತಪ್ಪು, ನಕ್ಕರೆ ಮರೆವ್ವನ ವಂಶದ ಗುಣ. ಪ್ರಿಯಾ ಅಳಲು ಬಾಯಿ ತೆರೆದರೆ ಸಾಕು, ಮೊಮ್ಮಗಳು ಆಯಿ ಎಂದು ಕರೆಯುವ ಮರೆವ್ವ ಅದರೊಳಗೆ ಒಂದು ಬೆಲ್ಲದ ಚೂರು ಇಟ್ಟುಬಿಡುವಳು. ಕೂಸು ಬೆಲ್ಲ ಚೀಪುತ್ತ, ಅಂಟಾದ ಬೆರಳಿನಿಂದ ಕುತ್ತಿಗೆಯ ಹಿಂದಿನ ಕೂದಲನ್ನು ತಿರುವುತ್ತ ತಿರುವುತ್ತ ನಿದ್ದೆಹೋಗುತ್ತಿತ್ತು. ಹೀಗೆ ಮಾಡಬೇಡಿ ಎಂದು ಗೀತಾಂಜಲಿ ಹೇಳಿದರೆ, ನೀನು ಹುಟ್ಟುವ ಮೊದಲೇ ನಾನು ಮಕ್ಕಳನ್ನು ಸಾಕಿದವಳು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಲಗ್ನದ ದಿನಗಳು ಬಂದವು. ಜಂಪರಿನ ಬಟ್ಟೆ ಮಷೀನಿನ ಪಕ್ಕ ಗುಡ್ಡೆಬಿದ್ದಿತು. ಮಗಳ ತಲೆ ಬಾಚುವ ಕೆಲಸವನ್ನು ಗೀತಾಂಜಲಿ ಅತ್ತೆಗೆ ಬಿಟ್ಟಳು. ಅತ್ತೆ, ಅಳುವ ಕೂಸಿಗೆ ಯಾಕೆ ಹಿಂಸೆ ಎಂದು ಬಾಚಣಿಗೆಯನ್ನು ಗೋಡೆಯ ಮಾಡದಲ್ಲಿ ಇಟ್ಟು ಮರೆತಳು. ಕೆಲಸ ಮುಗಿದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಕುತ್ತಿಗೆಯ ಹಿಂದೆ ಗೀತಾಂಜಲಿಯ ಬೆರಳಿಗೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಸಿಕ್ಕಿತು. ಕಲ್ಲಿನ ಹಾಗೆ ಬಿಗಿದಿತ್ತು. ಎಣ್ಣೆ ಹಚ್ಚಿ ಬಿಡಿಸಲು ಕೂತವಳ ಕೈಯಿಂದ ಮರೆವ್ವ ಬಾಚಣಿಗೆ ಕಿತ್ತುಕೊಂಡಳು.

"ಕೈ ಹಚ್ಚಬ್ಯಾಡ. ತಾಯಿ ಬಂದಾಳ ಕೂಸಿನ ತಲಿಮ್ಯಾಲೆ."

ಹೆಣ್ಣು ಕೂಸಿನ ತಲೆಯಲ್ಲಿ ಕೂದಲು ತಾನಾಗಿ ಜಡೆಗಟ್ಟಿದರೆ ಅದು ಗುಡ್ಡದ ಎಲ್ಲವ್ವನ ಗುರುತು. ಬಾಚಬಾರದು, ಕತ್ತರಿಸಬಾರದು, ಕತ್ತರಿಸಿದವರು ರಕ್ತ ಕಾರುತ್ತಾರೆ ಎಂದು ಮರೆವ್ವ ನಂಬಿದ್ದಳು. ಹಿಂದೆ ಅಂಥ ಹುಡುಗಿಯರಿಗೆ ಮುತ್ತು ಕಟ್ಟಿ ದೇವಿಗೆ ಬಿಡುತ್ತಿದ್ದರು. ಈಗ ಕಾಯ್ದೆ ಇದೆ, ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಜಡೆಯ ಹುಡುಗಿ ಎಂಬ ಹೆಸರು ಅಂಟಿತೆಂದರೆ ಸಾಯುವ ತನಕ ಬಿಡುವುದಿಲ್ಲವೆಂದು ಗೀತಾಂಜಲಿಗೆ ಗೊತ್ತಿತ್ತು. ಅಂಥವಳ ಲಗ್ನದ ಮಾತಿಗೆ ಯಾರೂ ಮನೆ ಹೊಸ್ತಿಲು ತುಳಿಯುವುದಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಇದು ದೇವರಲ್ಲ, ನೀವು ತಿನ್ನಿಸಿದ ಬೆಲ್ಲ ಎಂದಳು. ಮರೆವ್ವ ಕೆನ್ನೆ ಕೆನ್ನೆ ಬಡಿದುಕೊಂಡು, ಈ ಪಾಪದ ಮಾತು ತನ್ನ ಕಿವಿಗೆ ಬೀಳಲೇ ಇಲ್ಲ ಎಂದು ದೇವಿಗೆ ಅಲ್ಲಿಂದಲೇ ಸಮಜಾಯಿಷಿ ಕೊಟ್ಟಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಊರಲ್ಲಿ ಬರವಿಲ್ಲ. ಮಂಗಳವಾರ, ಶುಕ್ರವಾರ ಹೆಂಗಸರು ಬರತೊಡಗಿದರು. ಜಡೆಗೆ ಭಂಡಾರ ಹಚ್ಚಿ, ಪ್ರಿಯಾಳ ಪುಟ್ಟ ಪಾದಕ್ಕೆ ಹಣೆ ಮುಟ್ಟಿಸಿ, ಮುಂದೆ ಬಾಳೆಹಣ್ಣು ಇಡುವರು. ದೇವಿಯಾದವಳು ಒಂದು ಹಣ್ಣು ತಿಂದು, ಇನ್ನೊಂದನ್ನು ಬಗ್ಗಿದವಳ ತಲೆಗೆ ಒರೆಸುವಳು. ಅದನ್ನೂ ಅವರು ಪ್ರಸಾದ ಎಂದುಕೊಂಡರು. ಕೈ ಎತ್ತಿದರೆ ಹಣ್ಣು ಬರುತ್ತದೆಂದು ತಿಳಿದ ಪ್ರಿಯಾ, ಸಂಡಾಸಿಗೆ ಕೂತಲ್ಲಿಂದಲೂ ಹೋಗಿಬರುವವರಿಗೆ ಕೈ ಎತ್ತತೊಡಗಿದಳು. ಬೇರೆಯವರ ಮನೆಯ ಕೂಸಾಗಿದ್ದರೆ ಗೀತಾಂಜಲಿ ಹೊಟ್ಟೆ ಹಿಡಿದು ನಗುತ್ತಿದ್ದಳು. ತನ್ನದೇ ಕೂಸಾದ್ದರಿಂದ ಅವಳಿಗೆ ನಗಲು ಆಗಲಿಲ್ಲ.

ಗಂಡ ಗೌತಮ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಎಂಥ ಮೋಟರನ್ನಾದರೂ ಬಿಚ್ಚಿ ಸರಿಮಾಡುವ ಗಂಡಸು, ಮನೆಗೆ ಬಂದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕೂದಲು ತಾನೇ, ಇದ್ದರೆ ಇರಲಿ, ಅವ್ವ ಮುದುಕಿ ಎನ್ನುವನು. ಹೆಂಡತಿ ದುರುಗುಟ್ಟಿ ನೋಡಿದರೆ, ನೀನು ಹೇಳುವುದೂ ಖರೆ ಎನ್ನುವನು.

ಒಂದು ಶುಕ್ರವಾರ ಬಂದವರಲ್ಲಿ ಬಲ್ಲವಳೆನಿಸಿಕೊಂಡ ಹೆಂಗಸೊಬ್ಬಳಿದ್ದಳು. ಈ ಕೂಸನ್ನು ಸಾಲಿಗೆ ಹಾಕಿ ಓದಿಸಬೇಡಿ, ಲಗ್ನದ ಆಸೆ ಇಟ್ಟುಕೊಳ್ಳಬೇಡಿ, ಇದು ನಿಮ್ಮದಲ್ಲ ಎಂದಳು. ಮರೆವ್ವ ತಲೆಯಾಡಿಸಿದಳು. ಆ ತಲೆಯಾಡಿಸಿದ್ದನ್ನು ಗೀತಾಂಜಲಿ ಮಷೀನಿನ ಹಿಂದಿನಿಂದ ಕಂಡಳು. ಅರಿವೆ ಕತ್ತರಿಸುತ್ತಿದ್ದ ಕತ್ತರಿ ಕೈಯಲ್ಲೇ ಇತ್ತು. ಎದ್ದು ಬಂದು, ಅಷ್ಟೂ ಜನರ ನಡುವೆ ಮಗಳನ್ನು ಮೊಣಕಾಲುಗಳ ನಡುವೆ ಹಿಡಿದು, ಗಂಟಿನ ಬುಡಕ್ಕೇ ಕತ್ತರಿ ಹಾಕಿದಳು. ಪ್ರಿಯಾ ಚೀರಿದಳು. ಹೆಂಗಸರು ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲದೆ ಅಂಗಳಕ್ಕೆ ಇಳಿದರು. ಗಂಟು ಕೈಗೆ ಬಂದಾಗ ಗೀತಾಂಜಲಿ ಅದನ್ನು ಅತ್ತೆಯ ಮುಂದೆ ಒಗೆದಳು.

"ಮೂಸಿ ನೋಡ್ರಿ ಅತ್ತಿ. ನಿಮ್ಮ ಬೆಲ್ಲ ಐತಿ."

ಮರೆವ್ವ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಗಂಟಿಗೆ ಕೆಂಪಿರುವೆ ಮುತ್ತಿದವು. ನೋಡಿ ಎಂದು ಸೊಸೆ ತೋರಿಸಿದರೆ, ಇರುವೆಯನ್ನೂ ಆ ತಾಯಿಯೇ ಕಳಿಸಿದ್ದಾಳೆ ಎಂದಳು ಅತ್ತೆ. ಮಗ ಕೆಲಸದಿಂದ ಬಂದಾಗ ಮರೆವ್ವ ಅನ್ನ ಮುಟ್ಟದೆ ಬಾಗಿಲಿಗೆ ಅಡ್ಡ ಮಲಗಿದ್ದಳು. ಗೌತಮ ಇಬ್ಬರ ನಡುವೆ ನಿಂತು, ಬೆವರು ಒರೆಸಿಕೊಂಡು, ಒಂದು ತೀರ್ಮಾನ ಮಾಡಿದ. ಕೂಸಿಗೆ ಏನೂ ಆಗದಿದ್ದರೆ ಗೀತಾ ಹೇಳಿದ ಹಾಗೆ. ಜ್ವರ ಗಿರ ಬಂದರೆ ಅವ್ವ ಹೇಳಿದ ಹಾಗೆ ಗುಡ್ಡಕ್ಕೆ ಒಯ್ದು ತಪ್ಪೊಪ್ಪಿಸಿ, ಮುಂದೆ ಬೆಳೆಯುವ ಕೂದಲನ್ನು ಬಾಚದೆ ದೇವಿಗೆ ಬಿಡುವುದು. ಮರೆವ್ವ ಎದ್ದು ಕೂತು ಅನ್ನ ಉಂಡಳು.

"ಕೂಸಿನ ಮೈ ಬಿಸಿ ಆಗ್ಲಿ. ಆವಾಗ ಮಾತಾಡೂಣು."

ಎರಡು ವರ್ಷದ ಕೂಸಿಗೆ ಜ್ವರ ಬರದೆ ಇರುತ್ತದೆಯೇ? ಮಣ್ಣು ತಿನ್ನುತ್ತದೆ, ಕಂಡ ನೀರಿನಲ್ಲಿ ಕೈ ಆಡಿಸುತ್ತದೆ, ನೆಗಡಿಯಾದ ಪಕ್ಕದ ಮನೆಯ ಕೂಸಿನ ಬಾಯಲ್ಲಿದ್ದ ಪೆಪ್ಪರಮೆಂಟನ್ನು ಕಿತ್ತು ತನ್ನ ಬಾಯಿಗೆ ಹಾಕಿಕೊಳ್ಳುತ್ತದೆ. ಮುದುಕಿಗೆ ಇದೆಲ್ಲ ಗೊತ್ತಿತ್ತು. ಮುದ್ದು ಮಾಡುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಮೊಮ್ಮಗಳ ಹಣೆ ಮುಟ್ಟಿ ನೋಡುವಳು. ಕೂಸು ಹುಷಾರಾಗಿದೆ ಎಂದು ಖಾತ್ರಿಯಾದಾಗ ಅವಳ ಮುಖ ಅರಳುತ್ತಿತ್ತೋ ಬಾಡುತ್ತಿತ್ತೋ, ಗೀತಾಂಜಲಿಗಂತೂ ಬಾಡಿದ ಹಾಗೆಯೇ ಕಂಡಿತು; ಅದನ್ನೇ ನಂಬಿ ಅತ್ತೆಯನ್ನು ದ್ವೇಷಿಸಿದಳು.

ಜ್ವರ ಬಂದೇ ಬಂತು. ಅತ್ತೆ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದ ದಿನ, ಗೀತಾಂಜಲಿ ದಾರ ಗುಂಡಿ ತರುತ್ತೇನೆಂದು ನೆರೆಯವರಿಗೆ ಹೇಳಿ, ಸುಡುವ ಮಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹುನಗುಂದದ ದವಾಖಾನಿಗೆ ಹೋಗಿಬಂದಳು. ಔಷಧಿ ಬಾಟಲಿ ಗುಂಡಿಗಳ ಡಬ್ಬಿಯಲ್ಲಿ ಅಡಗಿತು. ಅತ್ತೆಯ ಕೈ ಹಣೆಗೆ ಬರುವ ಮೊದಲೇ ಒದ್ದೆ ಅರಿವೆಯಿಂದ ಒರೆಸಿ ತಣ್ಣಗೆ ಮಾಡಿಡುವಳು. ರಕ್ತ ಕಾರುವ ಮಾತನ್ನು ಅವಳು ನಂಬಿರಲಿಲ್ಲ. ಆದರೂ ಹಲ್ಲುಜ್ಜಿ ಉಗುಳಿದಾಗಲೆಲ್ಲ ಬಗ್ಗಿ ನೋಡುತ್ತಿದ್ದಳು, ನೋಡಿದ್ದಕ್ಕೆ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ಜ್ವರ ಇಳಿದರೂ ಕೆಮ್ಮು ಉಳಿಯಿತು. ಕೆಮ್ಮನ್ನು ಒರೆಸಿ ತೆಗೆಯಲಾಗದು. ಅದಕ್ಕೇ ಗೀತಾಂಜಲಿ ಮಗಳಿಗೆ ಒಂದು ಆಟ ಕಲಿಸಿದಳು: ಕೆಮ್ಮು ಬಂದರೆ ಬಾಯಿಗೆ ಕೈ ಇಡಬೇಕು, ಇಲ್ಲದಿದ್ದರೆ ಆಯಿ ಕೇಳಿಸಿಕೊಳ್ಳುತ್ತಾಳೆ. ಬಾಚಣಿಗೆಗೂ ಚಡ್ಡಿಗೂ ಬಗ್ಗದ ಕೂಸು ಈ ಪಾಠವನ್ನು ಬೇಗ ಕಲಿಯಿತು. ಕೆಮ್ಮು ಬಂದ ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಆಯಿಯ ಕೋಣೆಯ ಕಡೆ ನೋಡುವಳು. ಜಾಣೆ ಎಂದು ಗೀತಾಂಜಲಿ ಮುದ್ದಿಟ್ಟಳು. ಮುದ್ದಿಟ್ಟು, ಮಗಳ ಕಣ್ಣು ತಪ್ಪಿಸಿ ಮಷೀನಿಗೆ ಹೋಗಿ ಕೂತಳು.

ಚಳಿಗಾಲದ ಒಂದು ಮಧ್ಯಾಹ್ನ ಮರೆವ್ವ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಧೂಳು ಗಂಟಲಿಗೆ ಹೋಗಿ ಕೆಮ್ಮತೊಡಗಿದಳು. ಅಂಗಳದಲ್ಲಿ ಆಡುತ್ತಿದ್ದ ಪ್ರಿಯಾ ಬಿದ್ದು ಎದ್ದು ಓಡಿಬಂದಳು. ತನ್ನ ಪುಟ್ಟ ಅಂಗೈಯನ್ನು ಮುದುಕಿಯ ಬಾಯಿಗೆ ಒತ್ತಿ ಹಿಡಿದಳು.

"ಶ್... ಆಯಿ ಕೇಳ್ತಾಳ."

ಮರೆವ್ವನಿಗೆ ನಗು ಬಂತು. ನಾನೇ ಅಲ್ಲವೇನೇ ಆಯಿ ಎಂದಳು. ಪ್ರಿಯಾ ನಗಲಿಲ್ಲ. ಕೈ ತೆಗೆಯದೆ, ಕತ್ತು ಹೊರಳಿಸಿ, ಮುದುಕಿಯ ಖಾಲಿ ಕೋಣೆಯ ಬಾಗಿಲನ್ನೇ ನೋಡಿದಳು. ಒಳಗೆ ಮಷೀನಿನ ಸದ್ದು ನಿಂತಿತ್ತು. ಮರೆವ್ವ ಒಮ್ಮೆ ಸೊಸೆಯ ಕಡೆ ನೋಡಿ, ಮೊಮ್ಮಗಳ ಕೈಯನ್ನು ಮೆಲ್ಲಗೆ ಬಾಯಿಂದ ಸರಿಸಿ ಕೇಳಿದಳು.

"ಕೇಳಿದ್ರ ಏನ್ ಮಾಡ್ತಾಳ ಆಯಿ?"

"ಗುಡ್ಡಕ್ಕ ಒಯ್ತಾಳ," ಎಂದಿತು ಕೂಸು.

ಗೀತಾಂಜಲಿ ಎಲ್ಲವನ್ನೂ ಕೇಳಿದಳು. ತುಂಬಿದ ತಂಬಿಗೆ ಪಕ್ಕದಲ್ಲೇ ಇದ್ದರೂ ನೀರು ಕೊಡಲು ಏಳಲಿಲ್ಲ. ಮರೆವ್ವನಿಗೆ ಮತ್ತೆ ಕೆಮ್ಮು ಒತ್ತರಿಸಿ ಬಂತು. ಮೊಮ್ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು. ಮುದುಕಿ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು, ಸದ್ದಾಗದ ಹಾಗೆ ಕೆಮ್ಮಿದಳು.