ಲಿಮಿಟೆಡ್ ಅಕೌಂಟ್

ಇವತ್ತು ಬೆಳಿಗ್ಗೆ ನಮ್ಮ ಘಾಟ್ಕೋಪರ್ ಆಫೀಸಿನ ಕೆಳಮಹಡಿಯಲ್ಲಿ ಒಂದು ಕಂಪ್ಯೂಟರು ‘ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ’ ಎಂಬ ಬೂದು ಚೌಕವೊಂದನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿತು. ಆ ಅಡ್ಮಿನಿಸ್ಟ್ರೇಟರು ನಾನೇ. ಸಂಪರ್ಕಿಸಿದರು, ಇಳಿದು ಹೋದೆ, ಪಾಸ್‌ವರ್ಡ್ ಒತ್ತಿ ಬಂದೆ. ಅಷ್ಟೇ ಕೆಲಸ. ಆದರೆ ಆ ಚೌಕ ಕಂಡಾಗಲೆಲ್ಲ ನನಗೆ ಪೇಡೆಯ ನೆನಪಾಗುತ್ತದೆ.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ, ಸಹಿಸಿಕೊಳ್ಳಿ. ಆಂಟಾಪ್ ಹಿಲ್‌ನ ಚಾಳೊಂದರ ಒಂದೇ ಕೋಣೆಯ ಮನೆಯಲ್ಲಿ, ಪಕ್ಕದ ಮನೆಯ ಟಿವಿ ಧಾರಾವಾಹಿಗಳ ನಡುವೆ ಓದಿ ಬಿ.ಕಾಂ. ಮುಗಿಸಿದೆ. ಆ ಧಾರಾವಾಹಿಗಳ ಅತ್ತೆ ಸೊಸೆಯರು ಇವತ್ತಿಗೂ ನೆನಪಿದ್ದಾರೆ, ಆಡಿಟಿಂಗ್ ಮರೆತುಹೋಗಿದೆ.

ಮೊದಲ ಕೆಲಸ ಸಿಕ್ಕಿದ್ದು ವಡಾಲದ ಒಂದು ಸರಕು ಸಾಗಣೆಯ ಆಫೀಸಿನಲ್ಲಿ. ಮೂರು ತಿಂಗಳು ನೋಡುತ್ತೇವೆ, ಸರಿಯೆನಿಸಿದರೆ ಕಾಯಂ ಎಂದಿದ್ದರು. ಮೊದಲ ದಿನ ಮನೆಗೆ ಬಂದಾಗ ಅಪ್ಪ ಏನಾಯಿತೆಂದು ಕೇಳಿದರು. ಲಿಮಿಟೆಡ್ ಅಕೌಂಟ್ ಕೊಟ್ಟಿದ್ದಾರೆ ಎಂದೆ. ಕಂಪ್ಯೂಟರಿನ ಒಳಗೆ ಹೋಗಬಹುದು, ಆದರೆ ಅಲ್ಲಿ ಏನನ್ನೂ ಬದಲಿಸುವ ಹಾಗಿಲ್ಲ ಎಂದು ಅದರ ಅರ್ಥ. ಅಪ್ಪ ಮಾಟುಂಗದ ಹೋಟೆಲೊಂದರಲ್ಲಿ ಸಪ್ಲೈಯರ್. ಅವರ ಲೆಕ್ಕದಲ್ಲಿ ಲಿಮಿಟೆಡ್ ಅಂದರೆ ಹೆಸರಿನ ಕೊನೆಗೆ ಲಿಮಿಟೆಡ್ ಇರುವ ದೊಡ್ಡ ಕಂಪೆನಿ; ಅಕೌಂಟ್ ಅಂದರೆ ಪಗಾರ ಬೀಳುವ ಬ್ಯಾಂಕ್ ಖಾತೆ. ಈ ಊರಿನಲ್ಲಿ ಅಂಥ ಖಾತೆ ತೆರೆದವನು ಪರ್ಮನೆಂಟ್. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಚಾಳಿನ ಕೊನೆಯ ಮನೆಯವರೆಗೆ ಪೇಡೆ ಹಂಚಿಯಾಗಿತ್ತು.

ತಿದ್ದಲು ಹೋದೆ. “ಎಂತ ಮಾರಾಯ, ನೀನು ಯಾವಾಗಲೂ ಕಡಿಮೆ ಮಾಡಿಯೇ ಹೇಳುವುದು” ಎಂದು ಅಪ್ಪ ಅದಕ್ಕೂ ಹೆಮ್ಮೆಪಟ್ಟರು. ಹೀಗೆ ಚಾಳಿನಲ್ಲಿ ಪರ್ಮನೆಂಟ್ ಆಗಿಹೋದವನು ಆಫೀಸಿನಲ್ಲೂ ಆಗಲೇಬೇಕಾಯಿತು.

ಆಫೀಸಿನವರು ನನ್ನನ್ನು ಅಳೆಯಲು ಇಟ್ಟುಕೊಂಡಿದ್ದು ಒಂದು ಸ್ಕ್ರಿಪ್ಟು, ಅಂದರೆ ನಾನು ಬರೆಯಬೇಕಾದ ಒಂದು ಸಣ್ಣ ಪ್ರೋಗ್ರಾಮು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಆಪರೇಟರು ದಿನವಿಡೀ ಟೈಪ್ ಮಾಡುವುದನ್ನು ಅದು ತಾನೇ ಮಾಡಬೇಕು, ಅವನ ಬೆರಳಿನಂತೆ ಅವೇ ಕೀಲಿಗಳನ್ನು ಒತ್ತಬೇಕು. ಬರೆಯುವುದಕ್ಕೆಂದು ನನ್ನ ಕಂಪ್ಯೂಟರಿಗೆ ಮಾತ್ರ ಪೂರ್ತಿ ಅಧಿಕಾರ ಕೊಟ್ಟರು. ಅಲ್ಲಿ ಸ್ಕ್ರಿಪ್ಟು ಕುಣಿಯಿತು. ನಿಜವಾಗಿ ಅದನ್ನು ನಡೆಸಬೇಕಾದ ಆಪರೇಟರ್ ರಫೀಕನದು ಲಿಮಿಟೆಡ್ ಅಕೌಂಟು. ಅಲ್ಲಿ ಹಾಕಿದರೆ ಅದು ತಪ್ಪೆನ್ನಲಿಲ್ಲ, ನಿಲ್ಲಲಿಲ್ಲ, ಕೊನೆಗೆ ‘ಮುಗಿಯಿತು’ ಎಂದೂ ಹೇಳಿತು. ಪರದೆಯ ಮೇಲಿನ ಖಾನೆಗಳು ಮಾತ್ರ ಖಾಲಿ.

ರಫೀಕ ವಿಜಯಪುರದ ಕಡೆಯವನು. “ಏನ್ರೀ ಗ್ರ್ಯಾಜುಯೇಟ್, ನಿಮ್ಮ ಖುರ್ಚಿ ಮ್ಯಾಲೆ ಹಾಡತದ, ನಮ್ಮ ಖುರ್ಚಿಗೆ ಬಂದ್ರ ಮೂಕ ಆಗತದ. ಇದಕ್ಕೂ ಸಾಹೇಬ್ರೇ ಬೇಕೇನು?” ಎಂದ.

ರಫೀಕನಿಗೂ ಪೂರ್ತಿ ಅಧಿಕಾರ ಕೊಟ್ಟುಬಿಡಿ ಎಂದು ಮ್ಯಾನೇಜರರನ್ನು ಕೇಳಿದೆ. ಅದು ಆಗದ ಮಾತು ಎಂದರು. ನನ್ನ ಕಂಪ್ಯೂಟರಿನಲ್ಲಿ ನಡೆಯುತ್ತದಲ್ಲ ಸರ್ ಎಂದೆ. “ತೇರೆ ಪಾಸ್ ಚಲ್ತಾ ಹೈ, ವೋ ಮತ್ ಬತಾ. ಕಾಮ್ ಉಸ್‌ಕೋ ಕರನಾ ಹೈ” ಎಂದು, ಕೆಲಸ ಮಾಡಬೇಕಾದವನು ನಾನಲ್ಲ ಅವನು ಎಂದು ಗದರಿ, ಮೂರನೆಯ ತಿಂಗಳು ಮುಗಿಯುತ್ತ ಬಂದದ್ದನ್ನೂ ನೆನಪಿಸಿದರು. ನಾನು ಸ್ಕ್ರಿಪ್ಟನ್ನು ನಿಧಾನ ಮಾಡಿದೆ, ವೇಗ ಮಾಡಿದೆ, ಅಳಿಸಿ ಮತ್ತೆ ಬರೆದೆ. ಚಾಳಿನ ಹಿರಿಯರೊಬ್ಬರು ಅಷ್ಟರಲ್ಲಿ ತಮ್ಮ ಮಗನಿಗೂ ಒಂದು ಪರ್ಮನೆಂಟ್ ನೋಡೆಂದು ಹೇಳಿಹೋಗಿದ್ದರು.

ಒಂದು ಭಾನುವಾರ ಅಪ್ಪನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಅಲ್ಲೊಂದು ರೂಢಿ. ಸಪ್ಲೈಯರ್ ಒಳಗೆ ತಲೆಹಾಕಿ ‘ಎರಡು ಮಸಾಲೆ’ ಎಂದು ಕೂಗಿದರೆ ಅಡುಗೆ ಭಟ್ಟರು ‘ಓ’ ಅನ್ನಬೇಕು. ಓಗೊಡದಿದ್ದರೆ ಅದು ಹೇಳಿದ ಹಾಗಲ್ಲ; ಅಪ್ಪ ಅಲ್ಲಿಂದ ಕದಲುವುದಿಲ್ಲ. ನನ್ನ ಸ್ಕ್ರಿಪ್ಟು ಕೂಗಿ ಕೂಗಿ, ‘ಓ’ ಬಂತೋ ಇಲ್ಲವೋ ನೋಡದೆ, ಹಾಗೇ ಮುಂದಿನ ಟೇಬಲ್ಲಿಗೆ ಹೋಗುತ್ತಿತ್ತು.

ಸೋಮವಾರ ಒಂದೊಂದು ಖಾನೆ ತುಂಬಿದ ಮೇಲೆ ಅದನ್ನು ತಿರುಗಿ ಓದುವಂತೆ, ಖಾಲಿಯಿದ್ದರೆ ಅಲ್ಲೇ ನಿಲ್ಲುವಂತೆ ಬರೆದೆ. ರಫೀಕನ ಕಂಪ್ಯೂಟರಿನಲ್ಲಿ ಅದು ಮೊದಲ ಖಾನೆಯಲ್ಲೇ ನಿಂತಿತು. ಅದೇ ಸ್ಕ್ರಿಪ್ಟು ಅಲ್ಲೇ ನೋಟ್‌ಪ್ಯಾಡಿನಲ್ಲಿ ಚೆನ್ನಾಗಿ ಟೈಪ್ ಮಾಡಿತು. ಹಾಗಾದರೆ ಕೂಗುವವನದು ತಪ್ಪಲ್ಲ, ಕೇಳದಿರುವುದು ಬಿಲ್ಲಿಂಗ್ ಕಿಟಕಿ. ಆ ಸಾಫ್ಟ್‌ವೇರನ್ನು ಹಾಕಿಹೋದ ಕಂಪೆನಿಯವರು, ಯಾರು ತೆರೆದರೂ ಅದು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲೇ ತೆರೆದುಕೊಳ್ಳುವಂತೆ ಮಾಡಿದ್ದರು. ಮೇಲಿನ ಅಧಿಕಾರದ ಕಿಟಕಿಗೆ ಕೆಳಗಿನ ಅಧಿಕಾರದವನು ಒತ್ತಿದ ಕೀಲಿ ಮುಟ್ಟುವುದೇ ಇಲ್ಲ. ಬೈಗುಳವೂ ಇಲ್ಲ, ಬರೀ ಮೌನ. ಕಾಲೇಜಿನ ಫೀ ಕೌಂಟರಿನಲ್ಲಿ ಒಳಗಿನವರು ತಲೆಯೆತ್ತದೆ ಕೂತಿದ್ದಾಗ ಅಪ್ಪ ಮುಂದೆ ನಿಂತದ್ದನ್ನು ನೋಡಿದವನು ನಾನು. ಇದು ಮೊದಲೇ ಹೊಳೆಯಬೇಕಿತ್ತು.

ಹುಡುಕಿದರೆ, ಆ ಸಾಫ್ಟ್‌ವೇರಿಗೆ ದೊಡ್ಡ ಅಧಿಕಾರ ಬೇಕಿದ್ದದ್ದು ಒಂದೇ ಒಂದು ಫೋಲ್ಡರಿನಲ್ಲಿ ಬರೆಯುವುದಕ್ಕೆ. ಆ ಫೋಲ್ಡರಿಗೆ ಮಾತ್ರ ರಫೀಕನಿಗೆ ಅನುಮತಿ ಕೊಡಿಸಿದೆ. ಸಾಫ್ಟ್‌ವೇರನ್ನು ಎಲ್ಲರಂತೆ ಸಾದಾ ತೆರೆಯುವ ಹಾಗೆ ಕೆಳಗಿಳಿಸಿದೆ. ಖಾನೆಗಳು ಒಂದೊಂದಾಗಿ ತುಂಬತೊಡಗಿದವು. ರಫೀಕ ಎರಡೂ ಕೈ ತಲೆಯ ಹಿಂದೆ ಕಟ್ಟಿಕೊಂಡು ನೋಡಿದ. “ಸಾಹೇಬ್ರು ಕೆಳಗ ಇಳದ್ರು” ಎಂದ. ಹಿಂದೆ ನಿಂತಿದ್ದ ಮ್ಯಾನೇಜರು ಮುಂದಿನ ತಿಂಗಳಿಂದ ಪಕ್ಕಾ ಎಂದು ಹೇಳಿ ಚಹಾಕ್ಕೆ ಹೋದರು.

ಮನೆಗೆ ಬಂದು ಕೆಲಸ ಕಾಯಂ ಆಯಿತು ಎಂದೆ. ಅಪ್ಪ ತಟ್ಟೆಯಿಂದ ತಲೆಯೆತ್ತಿ, “ಅದು ಆಗಿ ಎಷ್ಟು ಸಮಯ ಆಯ್ತು. ಈಗ ಎಂತ ಹೊಸತಾಗಿ ಹೇಳುವುದು? ಕೈ ತೊಳೆದು ಬಾ” ಎಂದರು. ಕೈ ತೊಳೆದು ಊಟ ಮಾಡಿದೆ. ಆ ದಿನ ಹಾಗೇ ಕಳೆಯಿತು.

ಇವತ್ತು ಕೆಳಮಹಡಿಯಿಂದ ಬಂದು ಕೂತಾಗ ಯೋಚಿಸಿದೆ. ವರ್ಷಗಳಿಂದ ನನ್ನ ಕಂಪ್ಯೂಟರು ನನಗೆ ಯಾವುದಕ್ಕೂ ಬೇಡ ಎಂದಿಲ್ಲ. ಹಾಗಿರುವಾಗ ಕೆಳಗೆ ಯಾರ ಕೆಲಸ ಎಲ್ಲಿ ನಿಂತಿದೆಯೆಂದು ನನಗೆ ತಿಳಿಯುವುದಾದರೂ ಹೇಗೆ? ದಿನನಿತ್ಯದ ಕೆಲಸಕ್ಕೆ ನನಗೂ ಒಂದು ಸಾದಾ ಅಕೌಂಟು ಮಾಡಿಕೊಂಡೆ. ಸಂಜೆ ಹೊರಡುವಾಗ ನೋಡಿದರೆ ಪರದೆಯ ಗಡಿಯಾರ ಸ್ವಲ್ಪ ಮುಂದಿತ್ತು. ಸರಿಮಾಡಲು ಹೋದೆ, ನಿಮಗೆ ಅನುಮತಿ ಇಲ್ಲ ಎಂದಿತು. ಮುಂದೆಯೇ ಇರಲಿ ಎಂದು ಎದ್ದು ಬಂದೆ.