ಇಳಿಯಲು ಒಂದು ಗೆರೆ, ಏರಲು ಒಂದು ಗೆರೆ

ನನ್ನ ಯಜಮಾನರು ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿ ಚೀಲ ಹೊತ್ತವರು. ಕಡೆಗೆ ಪುಪ್ಪುಸ ಕೆಟ್ಟಿತು. ಘಾಟಿನಿಂದಲೋ ಬೀಡಿಯಿಂದಲೋ ಎಂದು ಕೇಳಿದರೆ ಡಾಕ್ಟರು ಎರಡರಿಂದಲೂ ಎಂದರು. ಮನೆಯಲ್ಲಿ ಕರೆಂಟಿನ ಮೇಲೆ ನಡೆಯುವ ಆಕ್ಸಿಜನ್ ಮಷಿನ್ ಇಟ್ಟು ಮೂಗಿಗೆ ನಳಿಕೆ ಹಾಕಿದೆವು. ಅದು ನಿಂತರೆ ಸಿಲಿಂಡರ್ ತೆರೆಯಬೇಕು. ಸಿಲಿಂಡರೂ ತೀರಿದರೆ ಮುಂದೇನೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಖಾರ ಕುಟ್ಟುವ ಗಿರಣಿ ಇದೆ. ಅದು ಶುರುವಾದರೆ ಕರೆಂಟು ಕುಸಿದು ಕುಣಿಯುತ್ತದೆ. ಮಷಿನ್ ಸುಟ್ಟೀತೆಂದು ನಡುವೆ ಒಂದು ಡಬ್ಬಿ ಹಾಕಿದ್ದೆವು. ಕರೆಂಟು ಇಳಿದರೆ ಬಂದ್ ಮಾಡುವುದು, ಏರಿದರೆ ಚಾಲೂ ಮಾಡುವುದು ಅದರ ಕೆಲಸ. ಆದರೆ ಗಿರಣಿ ಶುರುವಾಗುತ್ತಲೇ ಡಬ್ಬಿ ಟಕಟಕ ಎನ್ನುತ್ತಿತ್ತು. ಬಂದ್, ಚಾಲೂ, ಬಂದ್, ಚಾಲೂ. ಮಷಿನ್ ಶುರುವಾದ ಮೇಲೆ ಒಳ್ಳೆಯ ಗಾಳಿ ಬರಲು ಹೊತ್ತು ಬೇಕು. ಬರುವಷ್ಟರಲ್ಲಿ ಮತ್ತೆ ಟಕ್. ಯಜಮಾನರ ತುಟಿ ನೇರಳೆ ಹಣ್ಣಿನಂತಾಗುತ್ತಿತ್ತು.

ರಾಣೆಬೆನ್ನೂರಿನಲ್ಲಿ ಸ್ಟೆಬಿಲೈಜರ್ ರಿಪೇರಿ ಮಾಡುವ ಅಳಿಯನನ್ನು ಕರೆಸಿದೆ. ಡಬ್ಬಿ ಕೂರಿಸಿದವನೂ ಅವನೇ.

“ನಿನ್ನ ಡಬ್ಬಿಗೆ ಹುಚ್ಚ ಹಿಡದೈತಿ,” ಎಂದೆ.

“ಹುಚ್ಚಲ್ಲ ಅತ್ತೀ, ಭಾಳ ಶ್ಯಾಣೇ ಆಗೈತಿ. ಒಳಗ ಆಪ್-ಆಂಪ್ ಅಂತ ಸಣ್ಣ ಚಿಪ್ ಐತಿ. ಒಂದ ಗೆರಿ ಹಿಡಕೊಂಡು ಕರೆಂಟ್ ಅದರ ಕೆಳಗೈತೋ ಮ್ಯಾಲೈತೋ ಅಂತ ನೋಡತೈತಿ. ಕರೆಂಟ್ ಗೆರಿ ಮ್ಯಾಲ ನಿಂತು ನಡುಗಿದ್ರ ಇದೂ ನಡುಗತೈತಿ. ಮತ್ತ ಮಷಿನ್ ಬಂದ್ ಆದ್ರ ಭಾರ ಇಳದು ಕರೆಂಟ್ ತುಸು ಏರತೈತಿ. ಏರಿತಂತ ಇದು ಚಾಲೂ ಮಾಡತೈತಿ. ಚಾಲೂ ಆದ್ರ ಮತ್ತ ಇಳೀತೈತಿ.”

“ಹಂಗಾರ ಗೆರಿ ಕೆಳಗ ಇಳಸು.”

“ಅಲ್ಲೂ ಹಿಂಗ ನಡುಗತೈತ್ರಿ. ಒಂದ ಗೆರಿ ಸಾಲೂದಿಲ್ಲ, ಎರಡು ಬೇಕು.”

ಅಳಿಯ ಆ ಚಿಪ್ ಉತ್ತರ ಕೊಡುವ ಕಾಲಿನಿಂದ ಅದು ಕರೆಂಟು ಅಳೆಯುವ ಕಾಲಿಗೆ ಒಂದು ರೆಸಿಸ್ಟರ್ ಬೆಸೆದ. ತಾನು ಕೊಟ್ಟ ಉತ್ತರ ತನಗೇ ತಿರುಗಿ ಮುಟ್ಟುತ್ತದಂತೆ. ಒಮ್ಮೆ ಬಂದ್ ಎಂದರೆ ಗೆರೆ ಮೇಲಕ್ಕೆ ಸರಿಯುತ್ತದೆ. ನೂರಾ ಎಪ್ಪತ್ತು ವೋಲ್ಟಿಗೆ ನಿಂತದ್ದು ನೂರಾ ತೊಂಬತ್ತು ಆಗುವ ತನಕ ಚಾಲೂ ಆಗದು. ನಡುವೆ ಕರೆಂಟು ಎಷ್ಟು ಕುಣಿದರೂ ಡಬ್ಬಿ ಮಿಸುಕುವುದಿಲ್ಲ.

“ಇದಕ್ಕ ಹಿಸ್ಟರೆಸಿಸ್ ಅಂತಾರ್ರಿ,” ಎಂದ.

ನಾನು ನಾಲ್ಕನೇ ಇಯತ್ತೆ ಓದಿದವಳು. ಹೆಸರು ಬೇಕಿರಲಿಲ್ಲ, ಸಂಗತಿ ಗೊತ್ತಿತ್ತು. ನಮ್ಮತ್ತೆ ಮೆಣಸಿನಕಾಯಿ ಒಣಗಿಸುವಾಗ ಇದನ್ನೇ ಹೇಳುತ್ತಿದ್ದಳು. ಮೋಡ ಕರ್ರಗಾದರೆ ರಾಶಿ ಮಾಡಿ ತಾಡಪತ್ರಿ ಮುಚ್ಚು. ಮುಚ್ಚಿದ ಮೇಲೆ ಬಿಸಿಲು ಇಣುಕಿತೆಂದು ಬಿಚ್ಚಬೇಡ, ನೆಲ ಅಂಗಾಲು ಸುಟ್ಟ ಮೇಲೆ ಹರವು. ಹೊಸ ಸೊಸೆಯಂದಿರು ಮೋಡಕ್ಕೊಮ್ಮೆ ಬಳಿದು ಬಿಸಿಲಿಗೊಮ್ಮೆ ಹರವಿ, ಸಂಜೆಯೊಳಗೆ ಕಾಯಿ ಮುರಿದು ಬೀಜ ಉದುರಿಸಿಡುತ್ತಿದ್ದರು.

ಯಜಮಾನರಿಗೆ ಇದನ್ನು ಹೇಳಿದಾಗ ನಕ್ಕರು. ನಕ್ಕರೆ ಕೆಮ್ಮು.

“ನಮ್ಮವ್ವ ಸಾಲಿಗೆ ಹೋಗಿದ್ರ ಆ ಡಬ್ಬಿ ತಾನ ಮಾಡತಿದ್ಲು.”

ಡಬ್ಬಿ ಸುಮ್ಮನಾಯಿತು. ಆದರೆ ಅದಕ್ಕೂ ದಂಡ ತೆರಬೇಕಾಯಿತು. ಎರಡು ಗೆರೆಗಳ ನಡುವೆ ಕರೆಂಟು ನಿಂತರೆ ದೀಪ ಉರಿಯುತ್ತದೆ, ಮಷಿನ್ ಮಾತ್ರ ಏಳುವುದಿಲ್ಲ. ಅಷ್ಟು ಹೊತ್ತು ಸಿಲಿಂಡರ್ ಖಾಲಿಯಾಗುತ್ತದೆ.

“ಕರೆಂಟ್ ಐತಲ್ಲ, ಇದ್ಯಾಕ ಸತ್ತಂಗ ಕುಂತೈತಿ?” ಎನ್ನುವರು ಯಜಮಾನರು.

“ಇರೂದು ಸಾಲೂದಿಲ್ಲ ಅಂತ ಕುಂತೈತಿ.”

ಮಳೆಗಾಲ ಕಳೆಯುವಷ್ಟರಲ್ಲಿ ಅವರೇ ಟಕಟಕ ಎನ್ನತೊಡಗಿದರು. ಉಸಿರು ಸಿಕ್ಕಿಕೊಂಡರೆ ಗಾಡಿ ಮಾಡಿ ಹಾವೇರಿಯ ಆಸ್ಪತ್ರೆಗೆ ಒಯ್ಯುವುದು. ತುಸು ಗೆಲುವಾದರೆ ಮನೆ ಎಂದು ಹಟ ಹಿಡಿಯುವರು, ತರುವೆವು, ಮಾರನೆಯ ದಿನ ಮತ್ತೆ ಗಾಡಿ. ಮೈ ಮುರಿದ ಕಾಯಿಯಾಯಿತು. ಒಂದು ದಿನ ಅವರೇ ಹೇಳಿದರು:

“ನನಗೂ ಎರಡ ಗೆರಿ ಹಾಕು. ತುಟಿ ಕರ್ರಗಾದ್ರ ಒಯ್ಯಿ. ಒಯ್ದ ಮ್ಯಾಲ ನಾನ ಎದ್ದು ಬಾಗಲಾ ತನಕ ನಡದು ಚಪ್ಪಲಿ ಮೆಟ್ಟೂ ತನಕ ತರಬ್ಯಾಡ. ನಡುವ ನಾ ಏನ ಅಂದ್ರೂ ಕೇಳಬ್ಯಾಡ.”

“ಆಮ್ಯಾಲ ಬೈಬಾರದ ನೋಡ್ರಿ.”

“ಬೈತೀನಿ. ಬೈದ್ರೂ ಕೇಳಬ್ಯಾಡ.”

ತುಟಿ ಕರ್ರಗಾಯಿತು, ಒಯ್ದೆವು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಮುಖ ತಿಳಿಯಾಯಿತು. ಚಹಾ ಕುಡಿದರು. ಬೇಕಾದರೆ ಒಯ್ಯಿರಿ ಎಂದು ಡಾಕ್ಟರು ಅಂದರು.

“ಮನಿಗೆ ನಡಿ,” ಎಂದರು.

ಮಗಳು ಬಟ್ಟೆ ಚೀಲಕ್ಕೆ ತುಂಬತೊಡಗಿದಳು. ನಾನು ಚೀಲ ಕಸಿದುಕೊಂಡೆ.

“ಎದ್ದು ನಡೀರಿ, ನೋಡೂನು.”

ಕಾಲು ಕೆಳಗಿಟ್ಟರು. ಮಂಚದ ಸರಳು ಹಿಡಿದು ಎದ್ದರು, ಕೂತರು. ಚಪ್ಪಲಿ ಬಾಗಿಲ ಬಳಿ ಇದ್ದವು.

“ನೆಲ ಇನ್ನಾ ಸುಡವಲ್ದು,” ಎಂದೆ.

“ನಮ್ಮವ್ವಗಿಂತ ಕೆಟ್ಟಾಕಿ ನೀ,” ಎಂದು ಗೋಡೆಯ ಕಡೆ ಹೊರಳಿದರು.

ಮಧ್ಯಾಹ್ನ ಅಲ್ಲೇ ಹೋದರು. ಮನೆಯಲ್ಲಿ ಸಾಯಲೂ ಬಿಡಲಿಲ್ಲ ಎಂದು ಬೀಗರು ಈಗಲೂ ಅನ್ನುತ್ತಾರೆ. ಅನ್ನಲಿ. ಗೆರೆ ಹಾಕಿದವರು ಯಜಮಾನರು, ಕಾದವಳು ನಾನು. ಬರುವಾಗ ಆ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದೆ.