ಹೊರಗೆ ಕೊಂಡಿಯಿಲ್ಲದ ಬಾಗಿಲು

ಬರುವ ೧೯೬೯ನೆಯ ಇಸವಿಯ ಫೆಬ್ರುವರಿ ೭, ಶುಕ್ರವಾರ, ಬಳೆಗಾರ್ತಿ ರಾಜಬಿಯವರು ತೀರಿಕೊಂಡು ಎಂಟು ವರ್ಷ ತುಂಬುತ್ತವೆ. ಅಂದು ಅಂಗಡಿ, ಶಾಲೆ, ಚಾವಡಿ ಎಲ್ಲವನ್ನೂ ಮುಚ್ಚಿ ಅವರಿಗೆ ಗೌರವ ಸಲ್ಲಿಸಬೇಕೆಂದು ಊರಿನ ಕೆಲವು ತರುಣರು ಯೋಚಿಸಿದ್ದಾರೆ. ಅದಕ್ಕೊಂದು ಮನವಿಪತ್ರ ಬರೆದುಕೊಡಿರೆಂದು ನನ್ನನ್ನು ಕೇಳಿದರು. ನಾನು ಅದರ ಬದಲಾಗಿ ಇದನ್ನು ಬರೆದುಕೊಡುತ್ತಿದ್ದೇನೆ.

ನಮ್ಮ ಊರು ಸಿಂದಗಿ ತಾಲೂಕಿನದು. ದೇವಣಗಾಂವದಿಂದ ಮೂರು ಹರದಾರಿ. ರಾಜಬಿಯವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಸಂತೆಗಳಿಗೆ ಬಳೆಯ ಮಲಾರ ಹೊತ್ತು ಹೋಗುತ್ತಿದ್ದರು. ಯಾವ ಜಾತಿಯ ಮನೆಯಲ್ಲಿ ಕುಬಸದ ಕಾರ್ಯವಿದ್ದರೂ ಬಸುರಿಯ ಕೈಗೆ ಹಸಿರು ಬಳೆ ಇಡಿಸಲು ಅವರೇ ಬೇಕು. ಆದ್ದರಿಂದ ಸುತ್ತಲಿನ ಹಳ್ಳಿಗಳಲ್ಲಿ ಯಾರು ಯಾವ ತಿಂಗಳಲ್ಲಿ ಹಡೆಯುತ್ತಾರೆಂಬುದು ಅವರಿಗೆ ಗೊತ್ತಿರುತ್ತಿತ್ತು. ಹಡೆಯಲು ಹೋದವರಲ್ಲಿ ಯಾರು ಮರಳಲಿಲ್ಲವೆಂಬುದೂ ಗೊತ್ತಿರುತ್ತಿತ್ತು.

ಅವರ ತಂಗಿಯ ಮಗಳು ರಹಿಮಾಬಿ ತೀರಿಕೊಂಡದ್ದು ೧೯೫೧ನೆಯ ನವೆಂಬರ್ ೧೪, ಬುಧವಾರ. ಹೆರಿಗೆ ಬೇನೆ ತಿನ್ನುತ್ತಿದ್ದ ಹುಡುಗಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ದೂರದ ಒಂದು ದವಾಖಾನೆಗೆ ಒಯ್ದರು. ಅಲ್ಲಿ ಬಾಗಿಲಿಗೆ ಬೀಗವಿತ್ತು. ಕೀಲಿಕೈ ಇದ್ದವನನ್ನು ಹುಡುಕಿ ತರುವಷ್ಟರಲ್ಲಿ ಬಂಡಿಯಲ್ಲಿಯೇ ಎಲ್ಲ ಮುಗಿದಿತ್ತು.

ಆ ತಿಂಗಳಿನಿಂದಲೇ ರಾಜಬಿಯವರು ಬಳೆ ಇಡಿಸಿದ ಪ್ರತಿ ಮನೆಯಲ್ಲೂ ಒಂದು ಮುಷ್ಟಿ ಜೋಳ ಕೇಳತೊಡಗಿದರು. ಆ ಜೋಳ ಮಾರಿದ ದುಡ್ಡಿನಲ್ಲಿ ಊರಲ್ಲಿ ಹೆರಿಗೆಯ ಖೋಲಿಯೊಂದನ್ನು ಕಟ್ಟಿಸಬೇಕೆಂಬುದು ಅವರ ಹಟ. ಕಿರಾಣಿ ಅಂಗಡಿಯ ಸಿದ್ರಾಮ ಒಮ್ಮೆ ನನ್ನ ಎದುರಿಗೇ ಅವರನ್ನು ಕೆಣಕಿದ.

“ರಾಜಬಿ, ನೀ ಬಳಿ ಮಾರಾಕ ಬಂದೀಯೋ, ಜ್ವಾಳ ಬೇಡಾಕ ಬಂದೀಯೋ?”

“ಎರಡಕ್ಕೂ ಬಂದೇನಿ, ತಮ್ಮಾ. ಬಳಿ ನಿನ್ನ ಹೇಣ್ತಿಗಿ, ಜ್ವಾಳ ನಿನ್ನ ಮೊಮ್ಮಕ್ಕಳಿಗಿ. ಮುಷ್ಟಿ ಜರಾ ಅಗಲ ಮಾಡು, ತೂಕ ಮಾಡುವಾಗ ಬಿಗಿ ಹಿಡಿದಂಗ ಹಿಡೀಬ್ಯಾಡ.”

ಸಿದ್ರಾಮ ನಕ್ಕು ಎರಡು ಮುಷ್ಟಿ ಹಾಕಿದ.

ಐದೂವರೆ ವರ್ಷ ಹೀಗೆ ನಡೆಯಿತು. ೧೯೫೭ನೆಯ ಮೇ ೨೩, ಗುರುವಾರ, ಖೋಲಿಯ ಬಾಗಿಲು ತೆರೆಯಿತು. ಬಾಣಂತನದ ಕೆಲಸ ಕಲಿತುಬಂದ ಗುಂಡವ್ವ ಅಲ್ಲಿ ಸೂಲಗಿತ್ತಿಯಾಗಿ ನಿಂತಳು. ಬಾಗಿಲು ಕೂಡಿಸುವ ದಿನ ಬಡಿಗ ಅಮಸಿದ್ದ ಕಬ್ಬಿಣದ ಕೊಂಡಿಯೊಂದನ್ನು ತಂದಿದ್ದ. ರಾಜಬಿಯವರು ಅದನ್ನು ಅವನ ಕೈಗೆ ಮರಳಿ ಕೊಟ್ಟರು.

“ಅಗಳಿ ಒಳಗ ಇರಲಿ, ಹಡಿಯಾಕಿಗಿ ಮರ್ಯಾದಿ ಬೇಕು. ಹೊರಗ ಕೊಂಡಿ ಬ್ಯಾಡ. ಕೊಂಡಿ ಇದ್ರ ಯಾರಾದ್ರೂ ಒಂದಿನ ಕೀಲಿ ಹಾಕ್ತಾರ.”

ಈ ಮಾತು ನಡೆದಾಗ ನಾನು ಅಲ್ಲಿದ್ದೆ. ಆಗ ನಾನು ಊರಿನ ಶಾಲೆಯ ಮುಖ್ಯಾಧ್ಯಾಪಕನಾಗಿದ್ದೆ. ಮಾತನ್ನು ಮರೆತಿರಲೂ ಇಲ್ಲ.

ರಾಜಬಿಯವರು ೧೯೬೧ನೆಯ ಫೆಬ್ರುವರಿ ೭, ಮಂಗಳವಾರ, ಬೆಳಗಿನ ಐದೂಕಾಲಿಗೆ ತೀರಿಕೊಂಡರು. ವಯಸ್ಸು ಎಪ್ಪತ್ತರ ಮೇಲಿತ್ತು. ನಿಶ್ಚಿತವಾದ ಜನ್ಮದಿನಾಂಕ ಎಲ್ಲಿಯೂ ದೊರೆಯಲಿಲ್ಲ. ಅಂದು ಮಧ್ಯಾಹ್ನವೇ ಮಣ್ಣು ಕೊಟ್ಟರು. ಮರುದಿನ ಬೆಳಿಗ್ಗೆ ಊರ ಪಂಚಾಯತಿಯ ಹಿರಿಯ ಅಪ್ಪಾಸಾಬ ಎಲ್ಲರನ್ನೂ ಚಾವಡಿಗೆ ಕರೆಸಿದ. ಮೂರನೆಯ ದಿನ, ಅಂದರೆ ಗುರುವಾರ, ಗೋರಿಯ ಬಳಿಯ ಜಿಯಾರತ್ ಪ್ರಾರ್ಥನೆ ಮುಗಿದ ಮೇಲೆ ಊರನ್ನೆಲ್ಲ ಬಂದ್ ಮಾಡಿ ಮೆರವಣಿಗೆ ತೆಗೆದು ಶಾಲೆಯ ಬಯಲಲ್ಲಿ ಶೋಕಸಭೆ ಕೂಡಿಸುವುದೆಂದು ನಿಶ್ಚಯವಾಯಿತು. ಆಗ ಗುಂಡವ್ವ ಬಾಗಿಲ ಬಳಿ ನಿಂತು ಕೇಳಿದಳು:

“ಖೋಲಿನೂ ಬಂದ್ ಏನ್ರಿ?”

“ಎಲ್ಲಾ ಬಂದ್ ಅಂದ್ರ ಎಲ್ಲಾ ಬಂದ್,” ಎಂದ ಸಿದ್ರಾಮ. “ನನ್ನ ಅಂಗಡಿ ಮುಚ್ಚಿ, ಆಕಿ ಕಟ್ಟಿಸಿದ ಖೋಲಿನ ತೆರದಿಟ್ರ ಇಂಡಿ ಮಂದಿ, ಸಿಂದಗಿ ಮಂದಿ ಬಂದವ್ರು ಏನಂದಾರು? ಈ ಊರಿಗಿ ದುಕ್ಕಾನ ಇಲ್ಲ ಅಂದಾರು.”

“ಬ್ಯಾನಿ ಬಂದ್ರ?”

“ಎರಡು ತಾಸಿನ ಮಾತದು, ಗುಂಡವ್ವ,” ಎಂದ ಅಪ್ಪಾಸಾಬ.

“ತಾಸು ನೋಡಿ ಬರಾಕ ಅದೇನು ಬಸ್ಸೇನ್ರಿ, ಸಾವ್ಕಾರ್ರ? ನೀವು ಒಂದ್ಸಲ ಹಡದಿದ್ರ ತಿಳೀತಿತ್ತು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಳಿಕ ಗೊತ್ತುವಳಿ ಬರೆದವನು ನಾನೇ. ‘ಊರಿನ ಸಮಸ್ತ ಸಾರ್ವಜನಿಕ ಸ್ಥಳಗಳನ್ನು ಯಾವುದೇ ವಿನಾಯಿತಿಯಿಲ್ಲದೆ ಮುಚ್ಚತಕ್ಕದ್ದು’ ಎಂಬ ವಾಕ್ಯ ನನ್ನದು. ‘ಯಾವುದೇ ವಿನಾಯಿತಿಯಿಲ್ಲದೆ’ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ವಾಕ್ಯಕ್ಕೆ ತೂಕ ಬರಲೆಂದು ನಾನಾಗಿಯೇ ಸೇರಿಸಿದೆ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬೀಗ ಹಾಕಲು ಹೋದಾಗ ಬಾಗಿಲಿಗೆ ಕೊಂಡಿಯೇ ಇಲ್ಲವೆಂಬುದು ಎದುರಾಯಿತು. ಅಮಸಿದ್ದನಿಗೆ ಹೇಳಿಕಳಿಸಿದೆವು. ಅವನು ಹಳೆಯ ಕೊಂಡಿಯನ್ನೇ ತಂದು ನಾಲ್ಕು ಮೊಳೆ ಜಡಿದ. ಜಡಿಯುವಾಗ ನನ್ನ ಮುಖವನ್ನು ಎರಡು ಸಲ ನೋಡಿದ. ಬೀಗ ಶಾಲೆಯದು. ಕೀಲಿಕೈ ನನ್ನ ಕೋಟಿನ ಜೇಬಿಗೆ ಬಂತು.

ಸಭೆ ನಾಲ್ಕು ಗಂಟೆಗೆ ಸೇರಿತು. ಇಂಡಿ, ಮನಗೂಳಿ, ನಿಡಗುಂದಿಗಳಿಂದಲೂ ಜನ ಬಂದಿದ್ದರು. ಗುಂಡವ್ವನನ್ನು ಗೌರವಾರ್ಥವಾಗಿ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂಡಿಸಿದ್ದೆವು. ನಾಲ್ಕೂವರೆಗೆ ಐದು ನಿಮಿಷದ ಮೌನ ಆಚರಿಸಿದೆವು.

ಅದೇ ಹೊತ್ತಿಗೆ ಹಳ್ಳದ ಆಚೆಯ ಹೊಲಮನೆಯಿಂದ ಚಂದಪ್ಪನೆಂಬ ರೈತ ತನ್ನ ಹೆಂಡತಿ ಹುಲಿಗೆವ್ವಳನ್ನು ಬಂಡಿಯಲ್ಲಿ ಕರೆತಂದ. ಅದು ಅವಳ ಚೊಚ್ಚಲ ಹೆರಿಗೆ. ಖೋಲಿಗೆ ಬೀಗ ಕಂಡು, ಬಂಡಿಯನ್ನು ಬೇವಿನ ಗಿಡದ ಕೆಳಗೆ ಬಿಟ್ಟು, ತಾಯಿಯನ್ನು ಅವಳ ಬಳಿ ಕೂಡಿಸಿ ಶಾಲೆಯತ್ತ ಓಡಿಬಂದ. ಬಯಲಲ್ಲಿ ಊರಿಗೆ ಊರೇ ತಲೆತಗ್ಗಿಸಿ ನಿಂತಿತ್ತು. ಅವನೂ ರುಮಾಲು ತೆಗೆದು ಹಿಂದಿನ ಸಾಲಿನಲ್ಲಿ ನಿಂತ. ಮೌನ ಮುಗಿದೊಡನೆ ನಾನು ಗೊತ್ತುವಳಿಯನ್ನು ಓದಲು ಎದ್ದೆ. ಅದು ಒಂಬತ್ತು ಪರಿಚ್ಛೇದಗಳದು. ಓದಲು ಇಪ್ಪತ್ತೆಂಟು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವನು ರುಮಾಲು ಕೈಯಲ್ಲಿ ಹಿಡಿದು ನಿಂತೇ ಇದ್ದ. ನಾನು ಕುಳಿತ ಮೇಲೆ ಮುಂದಿದ್ದ ಅಮಸಿದ್ದನ ಅಂಗಿಯ ತೋಳು ಜಗ್ಗಿ ಮೆಲ್ಲಗೆ ಹೇಳಿದ:

“ಸಭಾ ಮುಗದಿಂದ ಖೋಲಿ ತೆಗಿತಾರೇನ್ರಿ ಯಣ್ಣಾ? ನನ್ನ ಹೇಣ್ತಿ ಬಂಡ್ಯಾಗ ಅದಾಳ.”

ಅಮಸಿದ್ದ ಜನರನ್ನು ತಳ್ಳಿಕೊಂಡು ವೇದಿಕೆಗೆ ಬಂದ. ಗುಂಡವ್ವ ಕೀಲಿಕೈಗೆ ಕಾಯದೆ ಹಾರಿ ಓಡಿದಳು. ನಾನು ಅವಳ ಹಿಂದೆ ಬಂದು ಬೀಗ ತೆಗೆದಾಗ ಗಡಿಯಾರದಲ್ಲಿ ಐದು ಗಂಟೆ ಹನ್ನೆರಡು ನಿಮಿಷ. ಹೆಣ್ಣು ಕೂಸು ಬಂಡಿಯಲ್ಲಿಯೇ ಹುಟ್ಟಿತ್ತು. ಹುಲಿಗೆವ್ವಳ ಕೆಳಗಿನ ಹುಲ್ಲು ಪೂರ್ತಿ ತೊಯ್ದಿತ್ತು. ರಕ್ತ ನಿಲ್ಲಿಸುವ ಔಷಧ, ಅರಿವೆ, ನೀರು ಎಲ್ಲವೂ ಒಳಗಿದ್ದವು. ಅವಳನ್ನು ಎತ್ತಿ ಒಳಗೆ ಮಲಗಿಸಿದೆವು. ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಪ್ರಾಣ ಹೋಯಿತು.

ಗುಂಡವ್ವ ಅವಳ ಕೈಯನ್ನು ಎದೆಯ ಮೇಲಿಡುತ್ತ ಬಳೆಗಳನ್ನು ನೋಡಿ, “ಇವು ರಾಜಬಿ ಇಡಿಸಿದ್ದಲಾ?” ಎಂದಳು.

“ಹೌದು. ಡಿಸೆಂಬರ್‌ನ್ಯಾಗ, ಕುಬಸಕ್ಕ,” ಎಂದ ಚಂದಪ್ಪ. “ಬ್ಯಾನಿ ಬಂದ್ರ ಖೋಲಿಗಿ ಕರ್ಕೊಂಡ್ ಬಾ, ಬಾಗಿಲಾ ಬಡಿಯೂದೂ ಬ್ಯಾಡ, ದೂಕು ಸಾಕು ಅಂದಿದ್ಳು.”

ಬೇಗ ತೆರೆದಿದ್ದರೆ ಹುಲಿಗೆವ್ವ ಬದುಕುತ್ತಿದ್ದಳೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಬದುಕುತ್ತಿರಲಿಲ್ಲವೆಂದೂ ನಾನು ಹೇಳಿಕೊಳ್ಳಲಾರೆ.

ಮರುದಿನ ಅಮಸಿದ್ದ ಯಾರ ಅಪ್ಪಣೆಯನ್ನೂ ಕೇಳದೆ ಕೊಂಡಿಯನ್ನು ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಫೆಬ್ರುವರಿ ೧೨, ರವಿವಾರ, ನಾನು ಚಂದಪ್ಪನ ಹೊಲಮನೆಗೆ ಹೋದೆ. ಅವನು ನನಗೆ ಕಂಬಳಿ ಹಾಸಿ ನೀರು ಕೊಟ್ಟ. ಬಂದ ಕೂಡಲೇ ಯಾಕೆ ಕೂಗಲಿಲ್ಲವೆಂದು ಕೇಳಿದೆ, ಕೇಳಬಾರದಿತ್ತು.

“ನೀವು ಮಾತಾಡಾಕತ್ತಿದ್ರಿ, ಗುರುಗಳ,” ಎಂದ. “ಆಕಿ ಬಗ್ಗೆ ಭಾಳ ಚಲೋ ಮಾತಾಡಾಕತ್ತಿದ್ರಿ. ನಡುವ ಹೆಂಗ ಬಾಯಿ ಹಾಕೂದು?”

ಆಗಿನಿಂದ ನಾನು ಯಾವ ಶೋಕಸಭೆಯಲ್ಲೂ ಮಾತನಾಡಿಲ್ಲ. ತರುಣರಲ್ಲಿ ನನ್ನ ಬೇಡಿಕೆ ಇಷ್ಟೇ: ಅಂದು ಊರು ಎಂದಿನಂತೆ ತೆರೆದಿರಲಿ, ಗುಂಡವ್ವ ಖೋಲಿಯಲ್ಲೇ ಇರಲಿ, ಮನೆಗೊಂದು ಮುಷ್ಟಿ ಜೋಳ ಅಲ್ಲಿಗೆ ಹೋಗಲಿ. ಗೌರವಿಸುವ ಬೇರೆ ರೀತಿ ನನಗೆ ತಿಳಿಯದು. ತಿಳಿದಿದ್ದ ರೀತಿಯನ್ನು ಒಮ್ಮೆ ಮಾಡಿ ನೋಡಿದ್ದೇನೆ.

ಕೊಂಡಿ ಕಿತ್ತ ಬಾಗಿಲಿನ ನಾಲ್ಕು ಮೊಳೆತೂತುಗಳನ್ನು ತುಂಬಿಸಲು ಗುಂಡವ್ವ ಬಿಟ್ಟಿಲ್ಲ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷವೂ ಚಂದಪ್ಪ ಒಂದು ಚೀಲ ಜೋಳ ಹೊತ್ತು ಮಗಳೊಡನೆ ಅಲ್ಲಿಗೆ ಬರುತ್ತಾನೆ. ಚೀಲವನ್ನು ಇಳಿಸುವ ಮೊದಲು ಬಾಗಿಲಿನ ಹೊರಮೈಯ ಮೇಲೆ ಒಮ್ಮೆ ಕೈಯಾಡಿಸಿ ನೋಡುತ್ತಾನೆ.